ಬಲಿ ಸದಸ್ಯ ಜವರಯ್ಯ

ಯಸಳೂರು ಹೋಬಳಿಯ ಹೊಳೆಸಾಲು ಕಾಫಿ ಬೆಳೆಗಾರರ ಸಹಕಾರ ಸಂಘದಲ್ಲಿ ಎರಡು ಸಾವಿರದ ನಾಲ್ಕನೇ ಇಸವಿಯ ಗಣಕೀಕರಣವು ಸಂಪೂರ್ಣ ಯಶಸ್ವಿಯಾಯಿತು ಎಂಬುದನ್ನು ಮೊದಲಿಗೇ ದಾಖಲಿಸತಕ್ಕದ್ದು. ಟೇಪು ಕತ್ತರಿಸಲಾಯಿತು, ಕಂಪ್ಯೂಟರಿಗೆ ಕುಂಕುಮ ಇಡಲಾಯಿತು, ಕೇಸರಿಬಾತು ಎಲ್ಲರಿಗೂ ಸಿಕ್ಕಿತು. ಸಣ್ಣ ಬೆಳೆಗಾರರ ಕಾಫಿ ಮಾತ್ರ ಅದರೊಳಗೆ ದಾಖಲಾಗುತ್ತಿರಲಿಲ್ಲ. ಇದನ್ನು ವೈಫಲ್ಯವೆಂದು ಯಾರೂ ಭಾವಿಸಬಾರದೆಂದು ಸಂಘವು ಸುತ್ತೋಲೆಯನ್ನೂ ಹೊರಡಿಸಿತು.

ಜವರಯ್ಯ ಸುತ್ತೋಲೆ ಓದುವವನಲ್ಲ. ಅವನಿಗೆ ಬೇಕಾಗಿದ್ದದ್ದು ತನ್ನ ಒಂದು ಮೂಟೆ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರ್ಚ್ ಮುಗಿಯುವುದರೊಳಗೆ ಸಂಘದ ಲೆಕ್ಕಕ್ಕೆ ಸೇರುವುದು, ಅಷ್ಟೆ. ಸೀಸನ್ನಿಗೆ ಒಂದು ಮೂಟೆಯನ್ನಾದರೂ ಹಾಕದವನ ಸದಸ್ಯತ್ವ ತಾನಾಗಿಯೇ ರದ್ದಾಗತಕ್ಕದ್ದೆಂದು ಬೈಲಾದಲ್ಲಿತ್ತು. ಸದಸ್ಯತ್ವ ಹೋದರೆ ಕಾಫಿ ಒಣಗಿಸಲು ಸಂಘದ ಕಣವೂ ಹೋದಂತೆ. ಅವನ ತೋಟವೋ ಪೂರಾ ಇಳಿಜಾರು. ಮನೆ ಮುಂದೆ ಎಮ್ಮೆ ಕಟ್ಟಿದರೆ ಮನುಷ್ಯರಿಗೆ ನಿಲ್ಲಲು ಜಾಗವಿಲ್ಲ. ಮುಂದಿನ ವರ್ಷದ ಹಣ್ಣನ್ನು ತಲೆ ಮೇಲೆ ಹರವಿಕೊಂಡು ಒಣಗಿಸುತ್ತೀಯಾ ಎಂದು ಹೆಂಡತಿ ಭೂತಮ್ಮ ದಿನಾ ಬೆಳಿಗ್ಗೆ ಕೇಳಿಯೇ ಕಳಿಸುತ್ತಿದ್ದಳು. ಜವರಯ್ಯನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಸಂಘದಲ್ಲಿ ಎರಡು ಕಿಟಕಿಗಳಿದ್ದವು. ಸಣ್ಣವರ ಕಿಟಕಿಯಲ್ಲಿ ಮೊದಲು ಹೆಸರು, ಆಮೇಲೆ ಗೋಡೌನು. ಇವನು ಇವನೇ ಹೌದೆಂದು ಸದಸ್ಯರ ಪಟ್ಟಿಯಲ್ಲಿ ಖಾತ್ರಿಯಾಗದೆ ಮೂಟೆಯನ್ನು ಒಳಗೆ ಬಿಡುವಂತಿಲ್ಲ. ಎಸ್ಟೇಟಿನವರ ಕಿಟಕಿಯಲ್ಲಿ ಮೊದಲು ಗೋಡೌನು, ಆಮೇಲೆ ಹೆಸರು. ಲಾರಿ ಸೀದಾ ಒಳಗೆ ಹೋಗುತ್ತಿತ್ತು. ಧಣಿಗಳು ಅಧ್ಯಕ್ಷರ ಕೋಣೆಯಲ್ಲಿ ಕೂತು ಮಾತಾಡಿ ಎದ್ದ ಮೇಲೆ ಕಿಟಕಿಯವರು ಪುರುಸೊತ್ತಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಇದು ಅಜ್ಜಂದಿರ ಕಾಲದಿಂದ ನಡೆದುಬಂದ ಮರ್ಯಾದೆ. ಕಂಪ್ಯೂಟರ್ ಬಂತೆಂದು ಮರ್ಯಾದೆ ಬಿಡಲಾದೀತೆ? ಪ್ರೋಗ್ರಾಂ ಬರೆಸುವಾಗ ಎರಡೂ ಕ್ರಮಗಳನ್ನು ಇದ್ದಂತೆಯೇ ಒಳಗೆ ಸೇರಿಸಲಾಯಿತು.

ಪರಿಣಾಮ ಇಷ್ಟೆ. ಸಣ್ಣವರ ಕಿಟಕಿಯಲ್ಲಿ ಕೂರುವ ಸೌಜನ್ಯ ಜವರಯ್ಯನ ಹೆಸರು ಒತ್ತಿದೊಡನೆ ಸದಸ್ಯರ ಪಟ್ಟಿಗೆ ಅವಳ ಕಡೆಯಿಂದ ಬೀಗ ಬೀಳುತ್ತಿತ್ತು. ಅದೇ ಗಳಿಗೆಯಲ್ಲಿ ಎಸ್ಟೇಟಿನ ಕಿಟಕಿಯವರು ಗೋಡೌನಿನ ಲೆಕ್ಕಕ್ಕೆ ಬೀಗ ಹಾಕಿರುತ್ತಿದ್ದರು. ಅವಳಿಗೆ ಗೋಡೌನು ಬೇಕು, ಅವರಿಗೆ ಪಟ್ಟಿ ಬೇಕು. ಹಿಡಿದದ್ದನ್ನು ಬಿಡುವ ಅಧಿಕಾರ ಇಬ್ಬರಿಗೂ ಇಲ್ಲ. ಕಂಪ್ಯೂಟರ್ ಕೊಂಚ ಹೊತ್ತು ಸುಮ್ಮನೆ ನೋಡಿ, ಒಬ್ಬರನ್ನು ಮುಗಿಸಿ ಇನ್ನೊಬ್ಬರನ್ನು ದಾಟಿಸುತ್ತಿತ್ತು. ಆಡಳಿತದಲ್ಲಿ ಕನ್ನಡ ಕಡ್ಡಾಯವಾದ್ದರಿಂದ ಸೌಜನ್ಯಳ ಪರದೆಯ ಮೇಲೆ, "ತಮ್ಮ ನಮೂದನ್ನು ಬಲಿಗಾಗಿ ಆಯ್ಕೆ ಮಾಡಲಾಗಿದೆ. ದಯವಿಟ್ಟು ಮತ್ತೊಮ್ಮೆ ಬನ್ನಿ" ಎಂದು ಅಚ್ಚಗನ್ನಡದಲ್ಲಿ ಮೂಡುತ್ತಿತ್ತು. ಜವರಯ್ಯ ಮೂಟೆ ಹೊತ್ತು ಮತ್ತೊಮ್ಮೆ ಬರುತ್ತಿದ್ದ. ಬಂದು ಬಂದು ಅವನ ಹೆಗಲು ಒಂದು ಕಡೆಗೆ ವಾಲಿತು.

ಕೊನೆಗೆ ಪ್ರೋಗ್ರಾಂ ಬರೆದಿದ್ದ ಪ್ರತಾಪನನ್ನು ಹಾಸನದಿಂದ ಕರೆಸಲಾಯಿತು. ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ, ಯಾರು ಯಾವ ಬೀಗ ಹಿಡಿದಿದ್ದರು, ಯಾರು ಯಾವುದಕ್ಕೆ ಕಾಯುತ್ತಿದ್ದರು, ನಮೂದು ಅಳಿಸಿಹೋಗಿ ಸತ್ತವರು ಯಾರು ಎಂಬುದನ್ನೆಲ್ಲ ಕಂಪ್ಯೂಟರೇ ಬರೆದಿಡುವಂತೆ ಮಾಡುತ್ತೇನೆ, ಅದು ಟ್ರೇಸ್ ಫೈಲ್ ಎಂದು ಅವನು ವಿವರಿಸಿದ. ವಾರ ಕಳೆದು ಫೈಲನ್ನು ಮುದ್ರಿಸಿ, ಕೆಂಪು ಟೇಪು ಕಟ್ಟಿ, ಆಡಳಿತ ಮಂಡಳಿಯ ಮುಂದೆ ಇಡಲಾಯಿತು. ಉಳಿದ ಸಣ್ಣವರು ಬೇಸತ್ತು ಆ ವಾರ ಬಂದೇ ಇರಲಿಲ್ಲವಾಗಿ, ಪುಟ ಪುಟದಲ್ಲೂ ಸತ್ತವನು ಜವರಯ್ಯನೇ. ಸಭೆಗೆ ಅವನನ್ನೂ ಕರೆಸಿ ಬಾಗಿಲ ಬಳಿ ನಿಲ್ಲಿಸಿದ್ದರು.

ಸದಾ ಇವನೇ ಏಕೆ ಎಂದು ಕಾರ್ಯದರ್ಶಿ ಚನ್ನಬಸವಯ್ಯ ಕೇಳಿದರು. ಎಸ್ಟೇಟಿನದು ಲಾರಿಗಟ್ಟಲೆ ನಮೂದು, ಇವರದು ಒಂದೇ ಮೂಟೆ. ಯಾವುದನ್ನು ಅಳಿಸುವುದು ಹಗುರವೋ ಅದನ್ನೇ ಕಂಪ್ಯೂಟರ್ ಬಲಿ ಹಾಕುತ್ತದೆ ಎಂದ ಪ್ರತಾಪ್. ಮಂಡಳಿ ತಲೆದೂಗಿತು.

"ನಾವ್ಯಾರೂ ಹೇಳ್ಕೊಡ್ದೆ ಇಷ್ಟೆಲ್ಲ ಕಲ್ತುಬುಟ್ಟೈತಲ್ರೀ" ಎಂದು ಅಧ್ಯಕ್ಷರು ಮೆಚ್ಚಿಕೊಂಡರು.

ಪರಿಹಾರ ಸುಲಭ ಎಂದ ಪ್ರತಾಪ್. ಎರಡೂ ಕಿಟಕಿಯವರು ಒಂದೇ ಕ್ರಮ ಹಿಡಿದರೆ ಡೆಡ್‌ಲಾಕ್ ಆಗುವುದೇ ಇಲ್ಲ. ಮಂಡಳಿ ಬೆಚ್ಚಿಬಿದ್ದಿತು. ಎಸ್ಟೇಟ್ ಧಣಿಗಳನ್ನು ಕಿಟಕಿ ಮುಂದೆ ನಿಲ್ಲಿಸಿ ನಿಮ್ಮ ಹೆಸರೇನು ಎಂದು ಕೇಳುವುದೆ? ಹಾಗಾದರೆ ಸಣ್ಣವರೂ ಮೊದಲು ಗೋಡೌನಿಗೆ ಹೋಗಲಿ ಎಂದ ಪ್ರತಾಪ್. ಹೆಸರು ಗೊತ್ತಿಲ್ಲದವರನ್ನು ಗೋಡೌನಿಗೆ ಬಿಡುವುದೆ? ಅವನ ಎರಡೂ ಸಲಹೆಗಳನ್ನು ದುಡುಕಿನವೆಂದು ದಾಖಲಿಸಿ, ವಯಸ್ಸನ್ನು ಪರಿಗಣಿಸಿ ಕ್ಷಮಿಸಲಾಯಿತು. ಬಳಿಕ ಮಂಡಳಿಯು ಸರ್ವಾನುಮತದಿಂದ ಈ ಠರಾವು ಪಾಸು ಮಾಡಿತು:

"ಎರಡು ಕಿಟಕಿಗಳ ನಡುವೆ ಯಾರಾದರೊಬ್ಬರು ಸಾಯುವುದು ಅನಿವಾರ್ಯವೆಂದು ಟ್ರೇಸ್ ಫೈಲಿನಿಂದ ಶ್ರುತಪಟ್ಟಿರುವುದರಿಂದಲೂ, ಸದರಿ ಕಾರ್ಯದಲ್ಲಿ ಶ್ರೀ ಜವರಯ್ಯನವರಿಗೆ ಸಾಕಷ್ಟು ಅನುಭವವಿರುವುದರಿಂದಲೂ, ಅವರನ್ನು ಸಂಘದ ಖಾಯಂ ಬಲಿ ಸದಸ್ಯರನ್ನಾಗಿ ನೇಮಿಸಿದೆ. ಎಸ್ಟೇಟ್ ಲಾರಿ ಬಂದಾಗಲೆಲ್ಲ ಅವರು ತಮ್ಮ ಮೂಟೆಯೊಂದಿಗೆ ಕಿಟಕಿಯಲ್ಲಿ ಹಾಜರಿರತಕ್ಕದ್ದು. ಉಳಿದ ಸಣ್ಣ ಬೆಳೆಗಾರರು ಲಾರಿ ಹೋದ ಮೇಲೆ ಬರತಕ್ಕದ್ದು. ಬಲಿ ಸದಸ್ಯರಿಗೆ ಕಣದ ಹಕ್ಕು ಇರತಕ್ಕದ್ದು. ಆದರೆ ಅವರ ಕಾಫಿ ಯಾವ ಕಾಲಕ್ಕೂ ದಾಖಲಾಗತಕ್ಕದ್ದಲ್ಲ. ದಾಖಲಾದಲ್ಲಿ ಸದಸ್ಯತ್ವ ರದ್ದು."

"ಅವರು ಬರದೇ ಇದ್ರೆ ಡೆಡ್‌ಲಾಕೇ ಆಗಲ್ಲ ಸರ್" ಎಂದ ಪ್ರತಾಪ್, ಸೋತ ದನಿಯಲ್ಲಿ.

"ಆಗ್ದೇ ಇದ್ರೆ ಟ್ರೇಸ್ ಫೈಲಲ್ಲಿ ಏನಿರ್ತದೆ ಮಾರಾಯ? ಮಹಾಸಭೆಗೆ ಖಾಲಿ ಹಾಳೆ ತೋರ್ಸನಾ?" ಎಂದರು ಅಧ್ಯಕ್ಷರು. ಪ್ರತಾಪ್ ಸಂಜೆಯ ಬಸ್ಸು ಹತ್ತಿದ.

ಜವರಯ್ಯನಿಗೆ ಕಣ ಉಳಿಯಿತೆಂಬುದಷ್ಟೇ ಅರ್ಥವಾಯಿತು, ಅಷ್ಟು ಸಾಕಾಯಿತು. ಮಾರನೆಯ ದಿನದಿಂದಲೇ ಅವನು ಒಗೆದ ಅಂಗಿ ತೊಟ್ಟು ಕಿಟಕಿಯಲ್ಲಿ ಕೂರತೊಡಗಿದ. ಲಾರಿ ಬರುವುದು, ಅವನು ಸಾಯುವುದು, ಲಾರಿ ದಾಟುವುದು. ಊರಿನಲ್ಲಿ ಅವನಿಗೆ ಒಂದು ಬೆಲೆಯೂ ಬಂತು. ಬಾಳ್ಳುಪೇಟೆಯಿಂದ ಕುಳ್ಳಯ್ಯ ಎಂಬವನು ಬಂದು, ತಾನೂ ಅರ್ಧ ಮೂಟೆಯವನು, ಇನ್ನೂ ಹಗುರವಾಗಿ ಸಾಯಬಲ್ಲೆ ಎಂದು ಅರ್ಜಿ ಕೊಟ್ಟು ಹೋದ.

ಮುಂದಿನ ಸೀಸನ್ನಿನಲ್ಲಿ ಒಂದು ದಿನ ಲಾರಿ ದೋಣಿಗಲ್ ತಿರುವಿನಲ್ಲಿ ಕೆಟ್ಟು ನಿಂತಿತು. ಸೌಜನ್ಯಳಿಗೆ ಅದು ಗೊತ್ತಿಲ್ಲ. ಅವಳು ಎಂದಿನಂತೆ ಜವರಯ್ಯನ ಹೆಸರು ಒತ್ತಿದಳು, ಗೋಡೌನು ಒತ್ತಿದಳು. ಎದುರು ಕಿಟಕಿಯಲ್ಲಿ ಯಾರೂ ಇಲ್ಲದ್ದರಿಂದ ನಮೂದು ಬೆಣ್ಣೆಯಂತೆ ಇಳಿದುಹೋಯಿತು. ಹಮಾಲಿ ಮೂಟೆಯನ್ನು ಎತ್ತಿಕೊಂಡು ಒಳಗೆ ನಡೆದ.

"ಅಣ್ಣ, ನಿಮ್ಮ ಕಾಫಿ ಸೇರ್ತು" ಎಂದಳು ಹುಡುಗಿ, ಸಂತೋಷದಿಂದಲೇ.

ಜವರಯ್ಯ ಗಡಬಡಿಸಿ ಎದ್ದ. "ಅಳ್ಸವ್ವ. ಯಾರೂ ನೋಡಕ್ ಮುಂಚೆ ಅಳ್ಸು. ಇವತ್ತು ನನ್ ಕಣ ಹೋಗ್ಬುಡ್ತದೆ" ಎಂದು ಕಿಟಕಿಯ ಸರಳು ಹಿಡಿದುಕೊಂಡ. ಅಳಿಸುವ ಅಧಿಕಾರ ಅವಳಿಗೆ ಇರಲಿಲ್ಲ.

ಮಧ್ಯಾಹ್ನವೇ ತುರ್ತು ಸಭೆ ಸೇರಿತು. ಬಲಿ ಸದಸ್ಯನು ಅನುಮತಿ ಇಲ್ಲದೆ ಬದುಕಿರುವ ಗಂಭೀರ ಆರೋಪ. ಜವರಯ್ಯ ಕೈಮುಗಿದು ನಿಂತ, ತಾನು ಬೇಕೆಂದು ಮಾಡಿದ್ದಲ್ಲ ಎಂದ, ಕಣ್ಣೊರೆಸಿಕೊಂಡ. ಚನ್ನಬಸವಯ್ಯನವರು ಟ್ರೇಸ್ ಫೈಲ್ ತರಿಸಿ ಅಂದಿನ ಪುಟ ತಿರುವಿದರು. ಅದರಲ್ಲಿ ಏನೂ ಇರಲಿಲ್ಲ. ಸತ್ತವರ ವಿವರವನ್ನು ಮಾತ್ರ ಬರೆಯುವ ಫೈಲು ಅದು. ಅವರು ಕನ್ನಡಕ ತೆಗೆದು, ಫೈಲಿನಲ್ಲಿ ಇಲ್ಲದ್ದು ನಡೆದಿದೆ ಎನ್ನಲು ಸಂಘಕ್ಕೆ ಯಾವ ಆಧಾರವೂ ಇಲ್ಲ, ಆದ್ದರಿಂದ ಸದರಿ ಮೂಟೆ ಬಂದೇ ಇಲ್ಲ ಎಂದು ತೀರ್ಪಿತ್ತರು. ಸಭೆ ನಿಟ್ಟುಸಿರು ಬಿಟ್ಟಿತು. ಗೋಡೌನಿನಲ್ಲಿ ಕೂತಿದ್ದ, ಆದರೆ ಬಂದೇ ಇರದಿದ್ದ ಆ ಮೂಟೆಯನ್ನು ಅಧ್ಯಕ್ಷರ ಎಸ್ಟೇಟಿನ ಲೆಕ್ಕಕ್ಕೆ ಸೇರಿಸಲಾಯಿತು. ಜವರಯ್ಯ ಎಲ್ಲರ ಕಾಲಿಗೂ ಬಿದ್ದು ಬಂದ.

ಮನೆಯಲ್ಲಿ ಕಣ ಉಳಿದ ಸುದ್ದಿ ಕೇಳಿ ಭೂತಮ್ಮನಿಗೂ ಸಮಾಧಾನವಾಯಿತು. ಬರಿಗೈಲಿ ಬಂದಿದ್ದೀಯಲ್ಲ, ಮೂಟೆ ಎಲ್ಲಿ ಎಂದು ಕೇಳಿದಳು.

"ಯಾವ ಮೂಟೆ?" ಎಂದ ಜವರಯ್ಯ. "ನಾನು ಕಾಫಿನೇ ಹಾಕಿಲ್ಲ ಕಣೆ. ಬೇಕಾದ್ರೆ ಫೈಲ್ ನೋಡು."