ಪಾಟೀಲರ ಮನೆಯ ಗೋಡೆಗಳು ಕಾಣೆಯಾದದ್ದು

ಕಂಪ್ಯೂಟರಿನಲ್ಲಿ ಮನೆಯ ನಕ್ಷೆ ಬರೆಯಬಲ್ಲ ಮಹಾಶಯ ಆಗ ಬಸವಕಲ್ಯಾಣದಲ್ಲಿ ನಾನೊಬ್ಬನೇ ಎಂದು ನಾನು ನಂಬಿದ್ದೆ. ಗುಲ್ಬರ್ಗಾದಲ್ಲಿ ಮೂರು ತಿಂಗಳು ಕಲಿತು ಬಂದವನು! ಹೀಗಿರುವಾಗ ಹುಮನಾಬಾದಿನ ನನ್ನ ಮಾವ ಪಾಟೀಲರು ಹೊಸ ಮನೆ ಕಟ್ಟಿಸುತ್ತಾರೆಂದರೆ ಅದರ ನಕ್ಷೆ ಬೇರೆಯವರ ಕೈಗೆ ಹೋಗಲು ಸಾಧ್ಯವೇ?

ಹೋಗುವುದರಲ್ಲಿತ್ತು. ಮಾವನವರಿಗೆ ಕೈಯಲ್ಲಿ ಬರೆಯುವ ಹಳಬರ ಮೇಲೇ ಭರವಸೆ. ನನ್ನ ಹೆಂಡತಿ ಸುವರ್ಣಾ ತವರಿಗೆ ಹೋಗಿ, "ಅಪ್ಪಾ, ನಕ್ಷಾ ಇವ್ರೇ ಬರೀಲಿ. ತಪ್ಪಾದ್ರ ನನ್ನ ಕೇಳ್ರಿ" ಎಂದು ಮಾತು ಕೊಟ್ಟು ಬಂದಳು. ಅಂದಿನಿಂದ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೆಟ್ಟರೆ ನನ್ನ ಮಾನ ಹೋಗುತ್ತದೆ, ಇರಲಿ. ಅವಳ ಮಾತು ಹೋಗಬಾರದಲ್ಲ!

ಮನೆ ಇದ್ದದ್ದು ಮೂರು ಕೋಣೆ. ಒಂದೇ ಫೈಲಿನಲ್ಲಿ ಮುಗಿಯುವ ಕೆಲಸ. ಆದರೆ ದೊಡ್ಡ ಆಫೀಸುಗಳಲ್ಲಿ ಗೋಡೆಗಳನ್ನು ಒಂದು ಫೈಲಿನಲ್ಲಿಟ್ಟು, ಬಾಗಿಲು, ಕಿಟಕಿ, ಮಂಚಗಳನ್ನು ಇನ್ನೊಂದರಲ್ಲಿ ಬರೆದು, ಗೋಡೆಯ ಫೈಲು ಎಲ್ಲಿದೆ ಎಂಬ ವಿಳಾಸವನ್ನು ಎರಡನೆಯದಕ್ಕೆ ಕೊಡುತ್ತಾರಂತೆ. ತೆರೆದಾಗಲೆಲ್ಲ ಅದು ಗೋಡೆಗಳನ್ನು ಅಲ್ಲಿಂದ ತಂದು ತೋರಿಸುತ್ತದೆ. ನಾನೇನು ಕಡಿಮೆ! ಗೋಡೆಯ ಫೈಲಿಗೆ 'ಪಾಟೀಲ್' ಎಂದೂ ಬಾಗಿಲಿನ ಫೈಲಿಗೆ 'ಪಾಟೀಲ್ ಫೈನಲ್' ಎಂದೂ ನಾಮಕರಣ ಮಾಡಿದೆ. ನಮ್ಮ ಕಡೆ ನಕ್ಷೆ ಬರೆಯುವವರೆಲ್ಲ ಫೈಲಿಗೆ ಮಾಲೀಕರ ಅಡ್ಡಹೆಸರನ್ನೇ ಇಡುತ್ತಾರೆ. ನಮ್ಮ ಕಡೆ ಊರೂರಿಗೂ ಎಷ್ಟು ಜನ ಪಾಟೀಲರಿದ್ದಾರೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಗುದ್ದಲಿ ಪೂಜೆ ಬೆಳಿಗ್ಗೆ ಹನ್ನೊಂದಕ್ಕೆ. ಪೂಜೆ ಮುಗಿದ ಕೂಡಲೇ ಮನೆ ಕಟ್ಟುವ ಗೌಂಡಿ ನಕ್ಷೆ ನೋಡಿ ನೆಲದ ಮೇಲೆ ಗುರುತು ಹಾಕಬೇಕು. ಸುವರ್ಣಾ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ದೊಡ್ಡ ಹಾಳೆಯ ಪ್ರಿಂಟು ಸಿಗುವುದು ಹುಮನಾಬಾದಿನ ರಶೀದ್ ಭಾಯ್ ಅಂಗಡಿಯಲ್ಲಿ. ನಾನು 'ಪಾಟೀಲ್ ಫೈನಲ್' ಅನ್ನು ಫ್ಲಾಪಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಫೈನಲ್ ಎಂದ ಮೇಲೆ ಇನ್ನೇನು ಬೇಕು?

ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು. ನಾನು ಗಡಿಯಾರ ನೋಡುವುದು, ಜೇಬು ಮುಟ್ಟುವುದು, ಮತ್ತೆ ಗಡಿಯಾರ ನೋಡುವುದು. ಪಕ್ಕದಲ್ಲಿದ್ದ ಅಜ್ಜ ನನ್ನ ಚಡಪಡಿಕೆ ನೋಡಲಾರದೆ ಎದ್ದು ಬೇರೆ ಸೀಟಿಗೆ ಹೋದರು.

ಅಂಗಡಿ ಮುಟ್ಟಿದಾಗ ಹತ್ತೂ ಕಾಲು. ಫೈಲು ತೆರೆಯಿತು. ಬಾಗಿಲುಗಳಿದ್ದವು. ಕಿಟಕಿಗಳಿದ್ದವು. ಮಂಚ ಬಯಲಿನಲ್ಲಿತ್ತು. ಒಂದೇ ಒಂದು ಗೋಡೆ ಇರಲಿಲ್ಲ!

"ಸಾಹೇಬ್ರ, ದೀವಾರ್ ಎಲ್ಲಿ ಹೋದ್ವು? ಮಾವನವ್ರು ಗಾಳಿಗೆ ಇರ್ಲಿ ಅಂದಾರೇನ್ರಿ?" ಎಂದರು ರಶೀದ್ ಭಾಯ್.

ಗೋಡೆಯ ಫೈಲು ಬಸವಕಲ್ಯಾಣದ ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಸುಖವಾಗಿತ್ತು. ಬೆವರು ಒರೆಸಿಕೊಂಡು ಗಂಭೀರವಾಗಿ ವಿವರಿಸಿದೆ: "ಭಾಯ್, ಇದು ಮೊದ್ಲ ಬರ್ದ ವಿಳಾಸದಾಗ ಹುಡುಕತದ. ಅಲ್ಲಿ ಸಿಗ್ಲಿಲ್ಲಂದ್ರ, ತಾನಿದ್ದ ಫೋಲ್ಡರಿನಾಗ ಅದೇ ಹೆಸರಿನ ಫೈಲ್ ಅದ ಏನು ಅಂತ ನೋಡತದ." ಪರೀಕ್ಷೆಯಲ್ಲಿ ಈ ಉತ್ತರಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.

"ಹಾಂಗಾದ್ರ ನನ್ನ ಫೋಲ್ಡರಿನಾಗ ಹಾಕಿ ನೋಡೋಣ್ರಿ. ಫ್ಲಾಪಿ ಭರೋಸಾ ಇಲ್ಲ" ಎಂದು ಅವರು ನನ್ನ ಫೈಲನ್ನು ತಮ್ಮ ಗಿರಾಕಿಗಳ ಫೈಲುಗಳ ನಡುವೆ ಹಾಕಿ ತೆರೆದರು.

ಗೋಡೆಗಳು ಬಂದವು! ಸುತ್ತ ಗೋಡೆ, ನಡುವೆ ಗೋಡೆ! ಎಲ್ಲಿಂದ ಬಂದವು ಎಂದು ನಾನು ಕೇಳಲಿಲ್ಲ. ಮನೆಗೆ ಬಂದ ಲಕ್ಷ್ಮಿಯನ್ನು ವಿಚಾರಣೆ ಮಾಡುತ್ತಾರೆಯೇ?

"ಈ ಬಾಗಿಲಾ ಗೋಡೆ ಬಿಟ್ಟು ದೂರ ನಿಂತದಲ್ರಿ?"

"ಪರದೆ ಮ್ಯಾಲ ಹಾಂಗ ಕಾಣ್ತದ, ಕಾಗದದಾಗ ಸರಿ ಬರ್ತದ. ಪ್ರಿಂಟ್ ಹೊಡೀರಿ ಭಾಯ್, ಹತ್ತು ನಲವತ್ತಾಯ್ತು!"

ಸುರುಳಿ ಹಿಡಿದು ಓಡಿದೆ. ಕಾಯಿ ಒಡೆಯುವ ಹೊತ್ತಿಗೆ ಮುಟ್ಟಿದೆ. ಗೌಂಡಿ ಮಾಣಿಕಪ್ಪ ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟ. ನೋಡಿದ. ಎದ್ದು ಆ ಕಡೆಯಿಂದ ನೋಡಿದ.

"ಸಾಹೇಬ್ರ, ಅಡಗಿಮನಿ ನಲವತ್ತು ಫೂಟ್ ಅದ."

"ಆಂ?"

"ಮಲಗೋ ಖೋಲ್ಯಾಗ ಲಾರಿ ಬರೋ ದಾರಿ ಅದ. ನಿಮ್ಮ ಮಂಚ ತೊಗರಿ ಒಣಗಿಸೋ ಕಟ್ಟಿ ಮ್ಯಾಲ ಅದ."

ಹಾಳೆಯ ಮೂಲೆಯಲ್ಲಿ ಸಣ್ಣದಾಗಿ ಬರೆದಿತ್ತು: ದಾಲ್ ಮಿಲ್, ಮನ್ನಾಏಖೇಳ್ಳಿ. ಅದರ ಮಾಲೀಕರೂ ಪಾಟೀಲರು! ರಶೀದ್ ಭಾಯ್ ಫೋಲ್ಡರಿನಲ್ಲಿ ಅವರ ಫೈಲೂ 'ಪಾಟೀಲ್' ಎಂದೇ ಇತ್ತು. ಕಂಪ್ಯೂಟರು ನಾನು ಹೇಳಿದಂತೆಯೇ ಹುಡುಕಿತ್ತು, ಪಾಪ.

ಮಾವ ನನ್ನನ್ನು ಬಯ್ಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮಗಳನ್ನು ನೋಡಿ, "ಸುವರ್ಣಾ, ನೀ ಮಾತು ಕೊಟ್ಟಿದ್ದಿ" ಎಂದರು. ನನಗೆ ನಿಜವಾಗಿ ನಾಚಿಕೆಯಾಯಿತು, ತಲೆ ಎತ್ತಲಾಗಲಿಲ್ಲ.

"ಮೂರು ತಾಸು ಕೊಡ್ರಿ, ಕಲ್ಯಾಣಕ್ಕ ಹೋಗಿ ಬರ್ತೀನಿ" ಎಂದೆ.

"ಮುಹೂರ್ತ ನಿಮಗಾಗಿ ಕಾಯ್ತದೇನ್ರಿ?" ಎಂದರು ಪೂಜೆಗೆ ಬಂದ ಸ್ವಾಮಿಗಳು.

ಸುವರ್ಣಾ ಸೆರಗು ಸಿಕ್ಕಿಸಿಕೊಂಡು ಪೂಜೆಯ ರಂಗೋಲಿ ಬಟ್ಟಲು ಎತ್ತಿಕೊಂಡಳು. "ಮಾಣಿಕಪ್ಪಾ, ಟೇಪ್ ಹಿಡೀರಿ. ಇದು ಪಡಸಾಲಿ, ಹನ್ನೆರಡಕ್ಕ ಹದಿನಾರು. ಇಲ್ಲಿ ಅಡಗಿಮನಿ, ಬಾಗಿಲಾ ಮೂಡಣಕ್ಕ."

ಒಂದು ತಿಂಗಳು ಒಂದೊಂದು ಗೆರೆ ಎಳೆದಾಗಲೂ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ ತೋರಿಸಿದ್ದೆ. ಮೆಚ್ಚಲಿ ಎಂದು ತೋರಿಸಿದ್ದು. ಅವಳು ಬಾಯಿಪಾಠ ಮಾಡಿಬಿಟ್ಟಿದ್ದಳು! ಅಷ್ಟೇ ಅಲ್ಲ, ನಡುವೆ ನಿಂತು ಹೇಳಿದಳು: "ಬಚ್ಚಲ ಈ ಕಡಿ ಬ್ಯಾಡ. ಇವ್ರು ದೇವರ ಖೋಲಿಗೆ ಹಚ್ಚಿ ಇಟ್ಟಿದ್ರು. ನಾ ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಮಾವ ಮೊದಲ ಸಲ ನಕ್ಕರು. ಟೇಪಿನ ಇನ್ನೊಂದು ತುದಿ ಹಿಡಿಯುವ ತಾಂತ್ರಿಕ ಹೊಣೆಯನ್ನು ನನಗೆ ವಹಿಸಲಾಯಿತು.

ಮನೆ ಎದ್ದು ನಿಂತಿತು. ಚೆನ್ನಾಗಿಯೇ ನಿಂತಿತು. ಕೆಲವು ತಿಂಗಳ ಮೇಲೆ ದುಬಲಗುಂಡಿಯಿಂದ ಒಬ್ಬರು ನಮ್ಮ ಬಾಗಿಲಿಗೆ ಬಂದರು, ಮನೆ ಕಟ್ಟಿಸಬೇಕಂತೆ. ನಾನು ಅಂಗಿ ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ.

"ಬರ್ರಿ, ಕೂಡ್ರಿ. ಎಷ್ಟು ಖೋಲಿ ಬೇಕ್ರಿ?"

ಅವರು ಕೂರಲಿಲ್ಲ. ನನ್ನನ್ನು ದಾಟಿ ಒಳಗೆ ಇಣುಕಿದರು.

"ಇಂಜಿನಿಯರ್ ಅಕ್ಕಾರು ಮನ್ಯಾಗ ಅದಾರೇನ್ರಿ?"

"ಅದಾರ್ರಿ" ಎಂದು ಹೇಳಿ, ನಾನು ಚಹಾಕ್ಕೆ ನೀರಿಡಲು ಎದ್ದೆ.