ಎತ್ತಿನ ಗಂಟೆ ಕಟ್ಟಿಕೊಂಡ ಅಳಿಯ

ನಮ್ಮ ಅಳಿಯ ಒಮ್ಮೆ ಎತ್ತಾಗಿದ್ದರು! ನಗಬೇಡಿ, ಜೇವರ್ಗಿಯ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುವ ಮಹಾಶಯರನ್ನು ಆ ವೇಷದಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ. ಉಣ್ಣಲು ಕೂತರೂ ಅವರಿಗೆ ಗ್ರೀಸ್ ದೇಶದ ಹಳೆಯ ಪಂಡಿತರದೇ ಧ್ಯಾನ.

"ಜಗತ್ತು ನಮ್ಮ ತಲಿಯೊಳಗಿಲ್ಲರಿ ಅತ್ತಿ, ಹೊರಗ ಖರೇನ ಅದ. ಕಣ್ಣು, ಕಿವಿಯಿಂದ ಒಳಗ ಬರ್ತದ. ಅವರು ಆವಾಗ ಅಂದಿದ್ದನ್ನ ನಾವು ಇವತ್ತಿಗೂ ಕಾಲೇಜಿನ್ಯಾಗ ಹೇಳಾಕತ್ತೇವಿ!"

ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಸುಮ್ಮನಿರುವೆನೇ? "ರೊಟ್ಟಿನೂ ಹೊರಗ ಖರೇನ ಅದ, ಆರಾಕತ್ತದ. ಮೊದಲ ಅದನ್ನ ಒಳಗ ಕಳಸ್ರಿ!"

ಎಂಬತ್ತರ ದಶಕದ ಒಂದು ಬೇಸಿಗೆ. ಮಗಳು ಎರಡನೇ ಬಾಣಂತನಕ್ಕೆ ನಮ್ಮೂರು ಗೊಬ್ಬೂರಿಗೆ ಬಂದಿದ್ದಳು. ಜೊತೆಗೆ ಮೂರು ವರ್ಷದ ಮೊಮ್ಮಗಳು. ಅವಳೆಂದರೆ ಕೇಳಬೇಕೆ, ನನ್ನ ಮನೆಯ ಬೆಳಕು! ಹೇಳುತ್ತ ಹೋದರೆ ಮುಗಿಯದು, ಬಿಡಿ. ಒಂದು ದಿನ ಅವಳು ಕೂತಿದ್ದ ಬಂಡಿಯ ಎತ್ತು ಬೆದರಿ ಓಡಿತು. ಪೆಟ್ಟೇನೂ ಆಗಲಿಲ್ಲ. ಆದರೆ ಅಂದಿನಿಂದ ಗಂಟೆಯ ಸದ್ದು ಕಿವಿಗೆ ಬಿದ್ದರೆ ಸಾಕು, ಕಿರುಚಿ ಸೆಟೆದುಕೊಳ್ಳುವಳು, ತುಟಿ ನೀಲಿಯಾಗುವುದು. ಐಸ್‌ಕ್ಯಾಂಡಿಯವನ ಗಂಟೆಗೂ ಅಷ್ಟೇ! ಎತ್ತಿಲ್ಲದ ಊರು ಎಲ್ಲಿದೆ? ಯಾವ ಸದ್ದಿಗೆ ಕೂಸಿನ ಉಸಿರು ನಿಂತೀತೋ ಎಂದು ನಾನು ಅವಳನ್ನು ಕಂಕುಳಿನಿಂದ ಇಳಿಸುತ್ತಿರಲಿಲ್ಲ.

"ಗಾಳಿ ಸೋಕೇದರಿ," ಎಂದೆ, ರಜೆಗೆ ಬಂದಿದ್ದ ಅಳಿಯನಿಗೆ.

"ಗಾಳಿ ಅಲ್ಲರಿ ಅತ್ತಿ. ಗಂಟಿ, ಅಂಜಿಕಿ ಎರಡೂ ಕೂಡೇ ಒಳಗ ಬಂದಾವ. ಕೂಡಿ ಬಂದಿದ್ದು ಕೂಡೇ ನೆನಪಾಗ್ತದ, ಆ ಹಳಬರು ಹೇಳಿದ್ದು ಇದನ್ನ. ಈಗ ಗಂಟಿಗೆ ಸಿಹಿ ಜೋಡಿ ಹಚ್ಚೂಣು. ನೀವು ಶೇಂಗಾ ಹೋಳಿಗಿ ಮಾಡ್ರಿ."

ಅಳಿಯ ಎತ್ತಿನ ಗಂಟೆಯನ್ನು ಕೊರಳಿಗೆ ಕಟ್ಟಿಕೊಂಡು, ಪ್ಯಾಂಟು ಮಡಚಿ ಹೊಲದ ತುದಿಯಲ್ಲಿ ನಿಂತರು. ಇತ್ತ ನಾನು ಕೂಸಿನ ಬಾಯಿಗೆ ಹೋಳಿಗೆ ಇಡುವುದು, ಅತ್ತ ಅವರು ಕುಣಿಯುವುದು! ಕೂಸು ಅಳದಿದ್ದರೆ ಮರುದಿನ ಇನ್ನಷ್ಟು ಹತ್ತಿರ.

"ಏನ್ರಿ ಸರ, ಸಂತಿಗೆ ಹೊಂಟೀರೇನು? ಹಲ್ಲ ತೋರಸ್ರಿ, ವಯಸ್ಸು ನೋಡ್ತೀನಿ!" ಎಂದ ನೆರೆಮನೆಯ ಮುದುಕ.

ಪುಣ್ಯಾತ್ಮರು ಗಂಭೀರವಾಗಿ ಬಾಯಿ ತೆರೆದರು!

ಗಂಟೆ ಬಾವಿ ದಾಟಿತು, ಬೇಲಿ ದಾಟಿತು. ಕಡೆಗೊಂದು ಸಂಜೆ ಅಂಗಳಕ್ಕೇ ಬಂದು ಕುಕ್ಕರುಗಾಲಲ್ಲಿ ಕೂತರು. ಕೂಸು ನನ್ನ ಸೀರೆಯನ್ನು ಬಿಗಿಯಾಗಿ ಹಿಡಿಯಿತು. ಗಂಟೆಯ ಸದ್ದೇ ಇಲ್ಲ!

"ಬಾರಸ್ರಿ!" ಎಂದೆ.

ನೋಡಿದರೆ, ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದಿದ್ದರು. ಹಣೆಯಲ್ಲಿ ಬೆವರು. "ಆಗವಲ್ದರಿ ಅತ್ತಿ... ಮತ್ತ ಹಂಗೇ ಆದ್ರ?"

ಕೂಸು ನನ್ನ ಸೀರೆ ಬಿಟ್ಟು ಮೆಲ್ಲಗೆ ಹೋಯಿತು. "ಅಪ್ಪಾ, ಅಂಜಬ್ಯಾಡ," ಎನ್ನುತ್ತ ಒಂದೊಂದೇ ಬೆರಳು ಬಿಡಿಸಿ ತಾನೇ ಗಂಟೆ ಬಾರಿಸಿತು.

ಅಷ್ಟೆತ್ತರದ ಗಂಡಸು ಬಿಕ್ಕಿ ಬಿಕ್ಕಿ ಅತ್ತರು. ಒಂದೊಂದು ಬಿಕ್ಕಿಗೂ ಕೊರಳ ಗಂಟೆ ಅಲುಗಿ ಕಿಣಿಕಿಣಿ ಎನ್ನುತ್ತಿತ್ತು. ಕೂಸು ಕೇಕೆ ಹಾಕಿ ನಗುತ್ತಿತ್ತು.