ಕುದುರಿ ಪಿಚ್ಚರೋ, ಬಾವಿ ಪಿಚ್ಚರೋ?

ನಮ್ಮ ಅಕ್ಕನ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಜಾತಿ. ಒಂದು ಕುದುರಿ ಜಾತಿ, ಇನ್ನೊಂದು ಬಾವಿ ಜಾತಿ. ನಗಬೇಡಿ! ಮನೆಮನೆ ಸಮೀಕ್ಷೆಗೆ ಬಂದ ಮಾಸ್ತರರೂ ಮೊದಲು ನಕ್ಕಿದ್ದರು.

"ಜಾತಿ ಯಾವುದಂತ ಬರಕೊಳ್ಳಲಿ, ಅಕ್ಕಾರ?"

"ನಂದಿರಲಿ, ಮೊದಲ ನಿಮ್ದು ಹೇಳ್ರಿ. ನಿಮಗ ಕುದುರಿ ಪಿಚ್ಚರ್ ಸೇರ್ತೈತೋ, ಬಾವಿ ಪಿಚ್ಚರೋ?"

ಪಾಪ, ಬಿಸಿಲಲ್ಲಿ ಬಂದವರು. ಬಾವಿ ಎಂದರೆ ನೀರಾದರೂ ಸಿಕ್ಕೀತು ಎಂದು "ಬಾವಿರಿ" ಎಂದರು. ನೀರು ಸಿಕ್ಕಿತು. ಜೊತೆಗೆ ಕುದುರಿ ಪಿಚ್ಚರ್ ಏಕೆ ಮೇಲು ಎಂಬ ಒಂದು ತಾಸಿನ ಭಾಷಣವೂ ಸಿಕ್ಕಿತು!

ಹೌದು, ಬಾವಿ ಎಂದವರ ಮುಂದೆ ಕುದುರೆಯ ಪರ, ಕುದುರೆ ಎಂದವರ ಮುಂದೆ ಬಾವಿಯ ಪರ. ತಾನು ಯಾವ ಜಾತಿ ಎಂದು ಮಾತ್ರ ಅಕ್ಕ ಎಂದೂ ಬಾಯಿ ಬಿಟ್ಟವಳಲ್ಲ.

ಇವು ಎರಡು ಹಳೆಯ ಸಿನಿಮಾಗಳು. ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಬೇಕಾಗಿಲ್ಲ. ಒಂದರಲ್ಲಿ ಒಬ್ಬ ಬಿಳಿ ಕುದುರೆ ಹತ್ತಿ ಇಡೀ ಊರನ್ನೇ ಉಳಿಸುತ್ತಾನೆ. ಇನ್ನೊಂದರಲ್ಲಿ ದೂರದ ಊರಿಗೆ ಮದುವೆಯಾಗಿ ಹೋದ ಹೆಣ್ಣೊಬ್ಬಳು ಬಾವಿಯ ಕಟ್ಟೆ ಮೇಲೆ ನಿಂತು, ಪಂಚಮಿ ಹಬ್ಬಕ್ಕೆ ಕರೆಯಲು ತಮ್ಮ ಬಂದಾನು ಎಂದು ದಾರಿ ನೋಡುತ್ತಾಳೆ.

ಅಕ್ಕ ಗಂಗಾವತಿಯ ಹಳೆಯ ಟಾಕೀಜಿನ ಮುಂದೆ ಮೂವತ್ತು ವರ್ಷದಿಂದ ಮಿರ್ಚಿ ಭಜಿ ಮಾರುತ್ತಾಳೆ. ಎಷ್ಟು ಸಿನಿಮಾ ನೋಡಿರಬೇಕು ಅಂದಿರಾ? ಅಲ್ಲಿ ಒಂದರ ಕೊನೆಯನ್ನೂ ನೋಡಿಲ್ಲ! ಜನ ಹೊರಗೆ ಬರುವ ಹೊತ್ತಿಗೆ ಎಣ್ಣೆ ಕಾದಿರಬೇಕಲ್ಲ? ಮಗ ಮೊಬೈಲಿನಲ್ಲಿ ತೋರಿಸುತ್ತೇನೆ ಎಂದರೆ, "ಅಷ್ಟ ಸಣ್ಣ ಬಾವ್ಯಾಗ ಕೊಡ ಮುಳಗತೈತೇನೋ?" ಎನ್ನುತ್ತಾಳೆ.

ಆ ಮಗನಿಗೆ ಹೆಣ್ಣು ನೋಡಲು ಯಲಬುರ್ಗಿ ಕಡೆ ಹೋಗಿದ್ದೆವು. ಅಡುಗೆ ಬರುತ್ತದೆಯೇ ಎಂದು ಕೇಳಬೇಕಾದವಳು ಏನು ಕೇಳಿರಬೇಕು, ನೀವೇ ಹೇಳಿ! ಹುಡುಗಿ ತಲೆ ತಗ್ಗಿಸಿ, "ನಾ ಎರಡೂ ನೋಡಿಲ್ಲರಿ, ಅತ್ತಿ" ಎಂದಿತು. ನಾವೆಲ್ಲ ಸಂಬಂಧ ಮುರಿಯಿತು ಎಂದುಕೊಂಡೆವು. ಅಕ್ಕ ಚಪ್ಪಾಳೆ ತಟ್ಟಿದಳು. "ಖಾಲಿ ಪಾಟಿ ಐತಿ, ಬರಿಯಾಕ ಭಾಳ ಜಾಗ ಐತಿ. ಇದ ಹುಡುಗಿ!"

ಇಷ್ಟು ಹೊತ್ತು ನಗಿಸಿದೆ. ಇನ್ನು ನನ್ನ ತಪ್ಪು ಹೇಳಿಬಿಡುತ್ತೇನೆ.

ನಾನು ಕುಷ್ಟಗಿಯಲ್ಲಿ ಗೌಂಡಿ. ಕಲ್ಲು ಕೂಡಿಸಿ ಗೋಡೆ ಕಟ್ಟುತ್ತೇನೆ, ಓದಿದ್ದು ನಾಲ್ಕನೇ ತರಗತಿ. ಚಿಕ್ಕವರಿದ್ದಾಗ ಅಕ್ಕ ನನ್ನನ್ನು ಕುಷ್ಟಗಿಯ ತಗಡಿನ ಟಾಕೀಜಿಗೆ ಮ್ಯಾಟ್ನಿ ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಕುದುರಿ ಪಿಚ್ಚರ್ ಪೂರ್ತಿ ನೋಡಿದೆವು. ಬಾವಿ ಪಿಚ್ಚರಿನ ದಿನ, ಇನ್ನೇನು ಮುಗಿಯಬೇಕು ಎನ್ನುವಾಗ, ನನಗೆ ಹೊಟ್ಟೆ ನೋವು! ಅಕ್ಕ ನನ್ನನ್ನು ಹೊತ್ತುಕೊಂಡು ಹೊರಗೆ ಓಡಿದಳು. ಗೇಟಿನವನು ಮತ್ತೆ ಒಳಗೆ ಬಿಡಲಿಲ್ಲ.

ಮರುದಿನವೇ ಅವಳಿಗೆ ಮದುವೆಯ ಅರಿಶಿಣ ಹಚ್ಚಿದರು. ಅರಿಶಿಣ ಹಚ್ಚಿದ ಹುಡುಗಿ ಹೊಸ್ತಿಲು ದಾಟುವಂತಿಲ್ಲ. ಅಕ್ಕ ಕಿಟಕಿಯಿಂದ ನನ್ನನ್ನು ಕರೆದಳು.

"ತಮ್ಮಾ, ನೀ ಹೋಗಿ ಕೊನೀ ನೋಡಿ ಬಾ. ಆ ತಮ್ಮ ಬರ್ತಾನೋ ಇಲ್ಲೋ, ಬಂದ ನನಗ ಹೇಳು."

ಹೋದೆ. ಮದುವೆ ಮನೆಯ ಹೋಳಿಗೆ ಉಂಡಿದ್ದೆ, ತಗಡಿನ ಕೆಳಗೆ ಸೆಖೆ. ಮಲಗಿಬಿಟ್ಟೆ! ಎಚ್ಚರವಾದಾಗ ಜನ ಧೋತರ ಝಾಡಿಸಿಕೊಂಡು ಏಳುತ್ತಿದ್ದರು.

ಕಿಟಕಿಯಲ್ಲಿ ಹಳದಿ ಮುಖ ಕಾಯುತ್ತಿತ್ತು. ಮಲಗಿದ್ದೆ ಎಂದು ಹೇಗೆ ಹೇಳಲಿ? "ಬರ್ತಾನಕ್ಕಾ" ಎಂದೆ. "ಬಂಡಿ ಕಟ್ಟಿಕೊಂಡು ಬರ್ತಾನ. ತಲಿಗೆ ಹಸಿರು ರುಮಾಲು ಸುತ್ತ್ಯಾನ. ಗಂಟಿನ್ಯಾಗ ಎಳ್ಳು ಹಚ್ಚಿದ ರೊಟ್ಟಿ ತಂದಾನ." ರೊಟ್ಟಿ ಏಕೆಂದರೆ, ಭತ್ತದ ಸೀಮೆಗೆ ಹೋಗುವ ಅಕ್ಕನಿಗೆ ಅಲ್ಲಿ ರೊಟ್ಟಿ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಿತ್ತು. ಅವಳು ಕಣ್ಣೊರೆಸಿಕೊಂಡು ನಕ್ಕು ಗಂಗಾವತಿಗೆ ಹೋದಳು.

ಸುಳ್ಳು ಹೇಳಿದ್ದು ಒಂದು ತಪ್ಪು. ಆ ಸುಳ್ಳಿನಂತೆ ನಡೆಯದೆ ಹೋದದ್ದು ಇನ್ನೂ ದೊಡ್ಡದು. ಎರಡು ವರ್ಷ ಪಂಚಮಿಗೆ ಕರೆಯಲು ಹೋದೆ. ಆಮೇಲೆ ಗೌಂಡಿ ಕೆಲಸ ಹಿಡಿದೆ. ಒಂದು ಹಬ್ಬಕ್ಕೆ ಸ್ಲ್ಯಾಬ್ ಹಾಕುವುದು ಬಂತು, ಇನ್ನೊಂದಕ್ಕೆ ಜ್ವರ ಬಂತು. ಮುಂದೆ ನೆಪವೂ ಬೇಕಾಗಲಿಲ್ಲ. ಅಕ್ಕ ಒಂದು ದಿನವೂ ಕೇಳಲಿಲ್ಲ.

ಈ ವರ್ಷ ಗಂಗಾವತಿಯ ಟಾಕೀಜಿನ ಸಾವ್ಕಾರರು ಹೊಸ ಪರದೆ ಹಾಕಿಸಿದರು. ಮೊದಲ ಆಟ ಹಳೆಯ ಸಿನಿಮಾದ್ದೇ, ಅದೂ ಪುಕ್ಕಟೆ. "ಅಕ್ಕಾರ, ಊರ ಮಂದಿನ್ನೆಲ್ಲಾ ಕೇಳೀರಿ. ಈಗ ನೀವ ಹೇಳ್ರಿ. ಎರಡರಾಗ ಯಾವುದು?" ಎಂದುಬಿಟ್ಟರು!

ಅಕ್ಕ ಕುದುರೆಯನ್ನೂ ಬಾವಿಯನ್ನೂ ತೂಗತೊಡಗಿದಳು. ಎಂಟು ದಿನ ಮಿರ್ಚಿ ಕರಿದು ಇದ್ದಿಲಾದವು. ನನಗೆ ಫೋನು ಬಂತು. ನಾನು ಕುದುರೆಯನ್ನು ಹೊಗಳಿದ್ದೇ ಹೊಗಳಿದ್ದು! ಬಾವಿ ಪಿಚ್ಚರ್ ಬಂದರೆ ನನ್ನ ಬಂಡವಾಳ ಬಯಲಾಗುತ್ತದಲ್ಲ?

ಕೊನೆಗೆ ಹುಲಿಗೆಮ್ಮನಿಗೆ ಹೂವಿನ ಪ್ರಸಾದ ಕೇಳಲು ಹುಲಿಗಿಗೆ ಹೋದೆವು. ಬಲಗಡೆ ಹೂ ಬಿದ್ದರೆ ಕುದುರೆ, ಎಡಗಡೆ ಬಿದ್ದರೆ ಬಾವಿ. ನಾನು ಕಣ್ಣು ಮುಚ್ಚಿ ಬಲಗಡೆ, ಬಲಗಡೆ ಎಂದು ಬೇಡಿಕೊಂಡೆ. ಎರಡೂ ಒಟ್ಟಿಗೇ ಬಿದ್ದವು!

ಪೂಜಾರಿ ಬೇಸತ್ತರು. "ಯವ್ವಾ, ಮಂದಿ ಮಗಳ ಲಗ್ನ ಕೇಳ್ತಾರ, ಬೋರಿನ ನೀರು ಕೇಳ್ತಾರ. ನೀ ಪಿಚ್ಚರ್ ಕೇಳಾಕ ಬಂದಿ!"

ಹೊಳೆಯ ದಂಡೆಯಲ್ಲಿ ಅಕ್ಕ ನೀರಿಗೆ ಕಾಲು ಇಳಿಬಿಟ್ಟು ಕುಳಿತಳು. ಆಮೇಲೆ ಹೇಳಿದಳು: "ಕುದುರಿ ಕಣ್ಣಾರೆ ನೋಡೀನಿ. ಬಾವಿ ಕೊನೀ ನಿನ್ನ ಬಾಯಿಲೆ ಅಷ್ಟ ಕೇಳೀನಿ. ಆ ತಮ್ಮ ಬರೂದು ಒಮ್ಮೆ ನೋಡಬೇಕೋ."

ಆಟದ ದಿನ, ಮೂವತ್ತು ವರ್ಷದಲ್ಲಿ ಮೊದಲ ಸಲ, ಅಕ್ಕ ಒಲೆ ಹಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿ ನಾನು, ಬೆವರುತ್ತ.

ಪರದೆಯ ಮೇಲೆ ಸಂಜೆಯಾಯಿತು. ದಾರಿ ಖಾಲಿ. ಹೆಣ್ಣು ಕೊಡ ಎತ್ತಿಕೊಂಡು ಒಬ್ಬಳೇ ಮನೆಗೆ ನಡೆದಳು. ಶುಭಂ!

ಅಕ್ಕ ಎದ್ದು ಸೀದಾ ಆಪರೇಟರ್ ಚಾಚಾರ ಕೋಣೆಗೆ ನುಗ್ಗಿದಳು. ನಾನು ಹಿಂದೆ ಓಡಿದೆ.

"ಚಾಚಾ, ಕೊನೀ ರೀಲು ಎಲ್ಲಿ ಇಟ್ಟೀರಿ?"

"ಈಗ ರೀಲು ಎಲ್ಲದಾವ ಬೇಟಿ? ಎಲ್ಲಾ ಈ ಡಬ್ಬ್ಯಾಗ ಬರ್ತೈತಿ." ಅಂಗೈಯಷ್ಟು ಪೆಟ್ಟಿಗೆ ತೋರಿಸಿದರು.

"ಅದಕ್ಕ ನೋಡ್ರಿ! ಇಷ್ಟ ಸಣ್ಣ ಡಬ್ಬ್ಯಾಗ ಬಂಡಿ ಹಿಡಸಲಾರದ ಕಡದ ಒಗದಾರ!"

ಚಾಚಾ ಗಾಬರಿಯಾಗಿ ನನ್ನ ಮುಖ ನೋಡಿದರು. ಇನ್ನು ತಡೆಯಲಾಗಲಿಲ್ಲ.

"ಅಕ್ಕಾ, ಬಂಡಿ ಇರಲೇ ಇಲ್ಲ. ಅವತ್ತು ನಾ ಮಲಗಿಬಿಟ್ಟಿದ್ದೆ."

"ಹಸಿರು ರುಮಾಲು?"

"ನಂದ."

"ಎಳ್ಳು ಹಚ್ಚಿದ ರೊಟ್ಟಿ?"

"ಅದೂ ನಂದ, ಅಕ್ಕಾ."

ಬೈಯಲಿ, ಹೊಡೆಯಲಿ ಎಂದು ನಿಂತೆ. ಅಕ್ಕ ನನ್ನನ್ನೇ ನೋಡಿದಳು.

"ಪಂಚಮಿ ಬಂದಾಗೊಮ್ಮೆ ಆ ಬಂಡಿ ನೆನಿಸಿಕೊಂಡ ಒಲಿ ಹಚ್ಚೀನೋ ನಾ" ಎಂದಳು. ಆಮೇಲೆ ಚಾಚಾರ ಕಡೆ ತಿರುಗಿ, "ಪಿಚ್ಚರ್ ಮಾಡಿದ ಅಷ್ಟು ಮಂದಿಗೆ ತಿಳೀಲಿಲ್ಲ. ನಾಕನೇತ್ತಕ್ಕ ಸಾಲಿ ಬಿಟ್ಟಾಂವಗ ತಿಳದಿತ್ತು ನೋಡ್ರಿ, ತಮ್ಮ ಬರಬೇಕು ಅಂತ" ಎಂದಳು.

ಹೊರಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿಯುತ್ತಿದ್ದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಅಳಬ್ಯಾಡ್ರೇ ಯವ್ವಾ! ತಮ್ಮ ಬರ್ತಾನ. ಹಸಿರು ರುಮಾಲು ಸುತ್ತಿಕೊಂಡು ಬರ್ತಾನ. ಕೊನೀ ರೀಲು ನಮ್ಮ ತಮ್ಮನ ಕಡೆ ಐತಿ."

ಪಂಚಮಿಗೆ ಇನ್ನು ಒಂಬತ್ತು ದಿನ. ಬಂಡಿ ಸಿಗಲಿಲ್ಲ, ಬಸ್ಸಿಗೆ ಹೋಗುತ್ತೇನೆ. ರೊಟ್ಟಿಗೆ ಎಳ್ಳು ತಂದಿಟ್ಟಿದ್ದೇನೆ. ಹಸಿರು ರುಮಾಲೂ ಬಂದಿದೆ. ಸುತ್ತಿಕೊಳ್ಳಲು ಬರುವುದಿಲ್ಲ. ಕನ್ನಡಿ ಮುಂದೆ ನಿಂತು ಕಲಿಯುತ್ತಿದ್ದೇನೆ.